ಸಿಂಧೂ ಮತ್ತು ಸುಮೇರ್: ಎರಡು ನದಿ ನಾಗರಿಕತೆಗಳನ್ನು ಹೋಲಿಸುವ ಬಗೆ

ಉತ್ತರ ಪತ್ರಿಕೆ ತಿದ್ದಿ ಕೈ ಸವೆಸಿಕೊಂಡ ಯಾವ ಇತಿಹಾಸದ ಮೇಷ್ಟ್ರನ್ನಾದರೂ ಕೇಳಿ ನೋಡಿ. ‘ಸಿಂಧೂ ಮತ್ತು ಮೆಸೊಪೊಟೇಮಿಯಾ ನಾಗರಿಕತೆಗಳನ್ನು ಹೋಲಿಸಿ’ ಎಂದರೆ ಸಾಕು, ಮಕ್ಕಳು ಸ್ಕೇಲು ತೆಗೆದು ಪುಟದ ನಡುವೆ ಗೆರೆ ಎಳೆಯುತ್ತಾರೆ. ಎಡಗಡೆ ‘ಸಿಂಧೂ ನದಿ’, ಬಲಗಡೆ ‘ಯೂಫ್ರಟಿಸ್, ಟೈಗ್ರಿಸ್’. ಎಡಗಡೆ ‘ಮಹಾ ಸ್ನಾನಗೃಹ’, ಬಲಗಡೆ ‘ಜಿಗ್ಗುರಾಟ್’ (ಮೆಟ್ಟಿಲು ಮೆಟ್ಟಿಲಾಗಿ ಎದ್ದ ದೇಗುಲ ಗೋಪುರ). ಎಡಗಡೆ ‘ಲಿಪಿ ಓದಲಾಗಿಲ್ಲ’, ಬಲಗಡೆ ‘ಬೆಣೆಲಿಪಿ’. ಹತ್ತು ಸಾಲಿನ ಹೊತ್ತಿಗೆ ಎರಡೂ ಕಡೆ ತುಂಬಿರುತ್ತದೆ, ಹೋಲಿಕೆ ಮಾತ್ರ ಎಲ್ಲೂ ನಡೆದಿರುವುದಿಲ್ಲ. ಎರಡು ಮನೆಯ ಸಾಮಾನು ಪಟ್ಟಿ ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಎರಡು ಸಂಸಾರದ ಕತೆ ತಿಳಿಯುವುದಿಲ್ಲವಲ್ಲ, ಹಾಗೆ.

ಈ ಲೇಖನ ಪಿಯು ಮತ್ತು ಪದವಿ ವಿದ್ಯಾರ್ಥಿಗಳಿಗೆ, ಕೆಎಎಸ್ ಮುಖ್ಯ ಪರೀಕ್ಷೆಗೆ ಓದುತ್ತಿರುವವರಿಗೆ, ಶಾಲೆಯಲ್ಲಿ ಇದನ್ನೇ ಪಾಠ ಮಾಡುವವರಿಗೆ. ಪರೀಕ್ಷೆಯ ಹಂಗಿಲ್ಲದೆ ಕುತೂಹಲಕ್ಕೆ ಓದುವವರಿಗೂ ಆದೀತು. ಉದಾಹರಣೆಗೆ ಸಿಂಧೂ ಮತ್ತು ದಕ್ಷಿಣ ಮೆಸೊಪೊಟೇಮಿಯಾವನ್ನೇ (ಇಂದಿನ ಇರಾಕಿನ ದಕ್ಷಿಣ ಭಾಗ, ಹಳೆಯ ಹೆಸರು ಸುಮೇರ್) ಆರಿಸಿಕೊಂಡಿದ್ದೇನೆ. ಈಜಿಪ್ಟನ್ನೂ ಚೀನಾವನ್ನೂ ಹೋಲಿಸಿದರೆ ಒಬ್ಬರನ್ನೊಬ್ಬರು ಕಂಡೇ ಇರದ ಇಬ್ಬರನ್ನು ಹೋಲಿಸಿದಂತೆ. ಇವರಿಬ್ಬರು ಹಾಗಲ್ಲ, ಒಬ್ಬರ ಸರಕು ಇನ್ನೊಬ್ಬರ ಬಂದರಿಗೆ ಹೋಗುತ್ತಿತ್ತು.

ಹಂತ 1: ಮೊದಲು ಕಾಲವನ್ನು ಸರಿಹೊಂದಿಸಿ

ಉತ್ತರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪೆಂದರೆ ಮೊಹೆಂಜೊದಾರೊ ಎದುರಿಗೆ ಹಮ್ಮುರಾಬಿಯನ್ನು ತಂದು ನಿಲ್ಲಿಸುವುದು. ‘ಅಲ್ಲಿ ಲಿಖಿತ ಕಾನೂನು ಇತ್ತು, ಇಲ್ಲಿ ಇರಲಿಲ್ಲ’ ಎಂದು ಬರೆದು ಮುಂದೆ ಹೋಗುತ್ತಾರೆ. ಹಮ್ಮುರಾಬಿ ಬ್ಯಾಬಿಲೋನಿನಲ್ಲಿ ಆಳಿದ್ದು ಕ್ರಿ.ಪೂ. 1792ರಿಂದ 1750ರವರೆಗೆ. ಸಿಂಧೂ ಕಣಿವೆಯ ದೊಡ್ಡ ನಗರಗಳು ಸೊರಗತೊಡಗಿದ್ದು ಕ್ರಿ.ಪೂ. 1900ರ ಸುಮಾರಿಗೆ. ಅಂದರೆ ಆತ ಸಿಂಹಾಸನ ಏರುವ ಹೊತ್ತಿಗೆ ಇಲ್ಲಿನ ಬೀದಿಗಳು ಬರಿದಾಗುತ್ತಿದ್ದವು. ಅಜ್ಜನ ಕಾಲದ ಸಂಬಳವನ್ನು ಮೊಮ್ಮಗನ ಕಾಲದ ಬೆಲೆಯೊಂದಿಗೆ ತೂಗಿದಂತೆ ಇದು.

ಆದ್ದರಿಂದ ಬರೆಯುವ ಮುನ್ನ ಒಂದು ಕಾಲಖಂಡ ಗೊತ್ತುಮಾಡಿಕೊಳ್ಳಿ. ಸಿಂಧೂ ನಾಗರಿಕತೆಯ ಪ್ರಬುದ್ಧ ಘಟ್ಟ ಕ್ರಿ.ಪೂ. 2600ರಿಂದ 1900ರವರೆಗೆ, ಸುಮಾರು 700 ವರ್ಷ. ಅದೇ ಅವಧಿಯಲ್ಲಿ ಮೆಸೊಪೊಟೇಮಿಯಾದಲ್ಲಿ ನಡೆದದ್ದನ್ನು ಪಕ್ಕಕ್ಕೆ ಬರೆದುಕೊಳ್ಳಿ: ಊರ್, ಲಗಾಶ್, ಉಮ್ಮಾ, ಕಿಶ್ ಮುಂತಾದ ಸುಮೇರಿಯನ್ ನಗರರಾಜ್ಯಗಳು, ಕ್ರಿ.ಪೂ. 2334ರ ಸುಮಾರಿಗೆ ಸಾರ್ಗೋನ್ ಕಟ್ಟಿದ ಅಕ್ಕಾಡ್ ಸಾಮ್ರಾಜ್ಯ, ಅದು ಮುರಿದುಬಿದ್ದ ಮೇಲೆ ಲಗಾಶವನ್ನು ಆಳಿದ ಗುಡಿಯ ಎಂಬ ದೊರೆ, ಕ್ರಿ.ಪೂ. 2112ರಿಂದ 2004ರವರೆಗೆ ಊರ್‌ನ ಮೂರನೇ ರಾಜವಂಶ. ಸಿಂಧೂ ಕಡೆ ಇಂಥ ರಾಜವಂಶದ ಪಟ್ಟಿ ಸಿಗುವುದಿಲ್ಲ. ಯಾಕೆಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಕಾನೂನಿನ ಮಾತು ಬೇಕೇ ಬೇಕಿದ್ದರೆ ಹಮ್ಮುರಾಬಿಯನ್ನು ಬಿಟ್ಟು, ಊರ್‌ನ ಮೂರನೇ ರಾಜವಂಶದ ಮೊದಲ ರಾಜ ಊರ್-ನಮ್ಮುವಿನ ಹೆಸರಿನಲ್ಲಿರುವ ಕಾನೂನನ್ನು ಬಳಸಿ. ಅದು ಕ್ರಿ.ಪೂ. 2100ರ ಸುಮಾರಿನದು, ನಮ್ಮ ಕಾಲಖಂಡದೊಳಗೇ ಬರುತ್ತದೆ.

ಹಂತ 2: ಯಾರು ಮಾತಾಡುತ್ತಾರೆ, ಯಾರು ಮೂಕರು ಎಂದು ಗುರುತಿಸಿ

ನನ್ನ ಮಟ್ಟಿಗೆ ಇಡೀ ಹೋಲಿಕೆ ನಿಲ್ಲುವುದು ಈ ಹಂತದ ಮೇಲೆ. ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಮೆಸೊಪೊಟೇಮಿಯಾ ಹಾಗೆ. ಕ್ರಿ.ಪೂ. 3200ರ ಸುಮಾರಿಗೆ ಉರುಕ್ ನಗರದಲ್ಲಿ ಹಸಿ ಮಣ್ಣಿನ ಫಲಕದ ಮೇಲೆ ಜೊಂಡಿನ ಕಡ್ಡಿಯಿಂದ ಲೆಕ್ಕ ಬರೆಯಲು ಶುರುವಿಟ್ಟುಕೊಂಡರು. ಎಷ್ಟು ಬಾರ್ಲಿ ಬಂತು, ಎಷ್ಟು ಕುರಿ ಹೋಯಿತು, ಯಾರಿಗೆ ಎಷ್ಟು ಬಿಯರ್ ಕೊಟ್ಟೆವು ಎಂಬ ಗುಮಾಸ್ತನ ಲೆಕ್ಕವೇ ಬೆಳೆದು ಬೆಣೆಲಿಪಿಯಾಯಿತು. ಆಮೇಲೆ ಅದರಲ್ಲಿ ಸಾಲಪತ್ರ, ಕಾಗದ, ಪೂಜಾಮಂತ್ರ, ಗಾದೆ, ಶೋಕಗೀತೆ ಎಲ್ಲವೂ ಬಂದವು. ಮಣ್ಣಿನ ಫಲಕ ಗೆದ್ದಲು ತಿನ್ನುವಂಥದ್ದಲ್ಲ. ಊರಿಗೆ ಬೆಂಕಿ ಬಿದ್ದರೆ ಫಲಕ ಇನ್ನಷ್ಟು ಗಟ್ಟಿಯಾಗುತ್ತದೆ. 19ನೇ ಶತಮಾನದಲ್ಲಿ ಈ ಲಿಪಿಯ ಗಂಟು ಬಿಡಿಸಿದರು. 1857ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯು ಒಂದೇ ಶಾಸನವನ್ನು ನಾಲ್ವರು ವಿದ್ವಾಂಸರ ಬೇರೆ ಬೇರೆ ಅನುವಾದಗಳಲ್ಲಿ ತರಿಸಿಕೊಂಡು ತಾಳೆ ನೋಡಿತು. ನಾಲ್ಕೂ ಬಹುಮಟ್ಟಿಗೆ ಹೊಂದಿದವು. ಅಲ್ಲಿಂದಾಚೆಗೆ ಓದಿದ್ದು ಊಹೆಯೆಂದು ಯಾರೂ ತಳ್ಳಿಹಾಕಲಾಗಲಿಲ್ಲ.

ಸಿಂಧೂ ಕಡೆ ಬನ್ನಿ. ಸುಮಾರು 400 ಚಿಹ್ನೆಗಳು. ಲಿಪಿತಜ್ಞ ಐರಾವತಂ ಮಹದೇವನ್ ಅವರ ಎಣಿಕೆಯಲ್ಲಿ 417. ಒಂದು ಮುದ್ರೆಯ ಮೇಲೆ ಸರಾಸರಿ ಐದು ಚಿಹ್ನೆ, ಉದ್ದದ ಬರಹವೆಂದರೂ 26 ಚಿಹ್ನೆ ದಾಟುವುದಿಲ್ಲ. ಒಂದೇ ಸಂಗತಿಯನ್ನು ಎರಡು ಲಿಪಿಯಲ್ಲಿ ಬರೆದ ಕಲ್ಲು ಸಿಕ್ಕಿಲ್ಲ. ‘ಓದಿದ್ದೇನೆ’ ಎಂದವರು ಹಲವರು, ವಿದ್ವತ್ ಲೋಕ ಒಪ್ಪಿದ್ದು ಯಾರನ್ನೂ ಅಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಇದನ್ನು ಓದಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು.

ಈಗ ಒಂದು ಸಣ್ಣ ಕೆಲಸ ಮಾಡಿ. ನೀವು ಬರೆಯಬೇಕೆಂದಿರುವ ಪ್ರತಿ ಅಂಶದ ಮುಂದೆ ‘ಬರಹದಿಂದ’ ಅಥವಾ ‘ನೆಲದಿಂದ’ ಎಂದು ಗುರುತು ಹಾಕಿ. ಸುಮೇರಿಯನ್ ದೇವರುಗಳ ಹೆಸರು ಬರಹದಿಂದ ಗೊತ್ತು. ಸಿಂಧೂ ಜನರ ‘ಮಾತೃದೇವತೆ’ ನೆಲದಿಂದ ಸಿಕ್ಕ ಮಣ್ಣಿನ ಗೊಂಬೆಗಳ ಬಗ್ಗೆ ನಮ್ಮ ಊಹೆ. ಎರಡನ್ನೂ ಒಂದೇ ದನಿಯಲ್ಲಿ ‘ಅವರು ಇನಾನ್ನಾಳನ್ನು ಪೂಜಿಸಿದರು, ಇವರು ಮಾತೃದೇವತೆಯನ್ನು ಪೂಜಿಸಿದರು’ ಎಂದು ಬರೆದರೆ ಸಾಕ್ಷಿ ಹೇಳಿದ್ದಕ್ಕೂ ಪಕ್ಕದ ಮನೆಯವರು ಅಂದುಕೊಂಡದ್ದಕ್ಕೂ ಒಂದೇ ಬೆಲೆ ಕೊಟ್ಟಂತಾಯಿತು.

ಹಂತ 3: ನದಿಯ ಪಂಚಾಂಗ ಬರೆಯಿರಿ

‘ಎರಡೂ ನದಿ ದಡದಲ್ಲಿ ಹುಟ್ಟಿದವು’ ಎಂಬ ವಾಕ್ಯ ಪ್ರತಿ ಉತ್ತರದಲ್ಲೂ ಇರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ನದಿಗೆ ನೀರು ಯಾವ ತಿಂಗಳು ಬರುತ್ತದೆ, ಆಗ ಹೊಲದಲ್ಲಿ ಏನಿರುತ್ತದೆ ಎಂದು ಕೇಳಿ. ನಮ್ಮ ಕಡೆಯ ರೈತ ಕೇಳುವ ಮೊದಲ ಪ್ರಶ್ನೆಯೂ ಅದೇ ತಾನೆ?

ಟೈಗ್ರಿಸ್, ಯೂಫ್ರಟಿಸ್ ನದಿಗಳು ತುಂಬುವುದು ಉತ್ತರದ ಬೆಟ್ಟಗಳ ಹಿಮ ಕರಗಿದಾಗ, ಏಪ್ರಿಲ್-ಮೇ ತಿಂಗಳಲ್ಲಿ. ಆಗ ಹೊಲದಲ್ಲಿ ಬಾರ್ಲಿ ಕೊಯ್ಲಿಗೆ ಬಂದು ನಿಂತಿರುತ್ತದೆ. ಅಂದರೆ ನೆರೆ ಬರುವುದು ಬರಬಾರದ ಹೊತ್ತಿಗೆ. ಬಿತ್ತನೆಗೆ ನೀರು ಬೇಕಾದ ಶರತ್ಕಾಲದಲ್ಲಿ ನದಿ ಬಡವಾಗಿರುತ್ತದೆ. ಹಾಗಾಗಿ ಕಾಲುವೆ ತೋಡಬೇಕು, ಏರಿ ಕಟ್ಟಬೇಕು, ಹೂಳು ತೆಗೆಯುತ್ತಲೇ ಇರಬೇಕು. ಕಾಲುವೆಯ ತಲೆಯಲ್ಲಿ ಯಾರು, ಬಾಲದಲ್ಲಿ ಯಾರು ಎಂಬ ಜಗಳ ತಪ್ಪಿದ್ದಲ್ಲ. ಲಗಾಶ್ ಮತ್ತು ಉಮ್ಮಾ ನಗರಗಳು ಗಡಿಯ ಹೊಲಕ್ಕೂ ನೀರಿಗೂ ತಲೆಮಾರುಗಟ್ಟಲೆ ಹೊಡೆದಾಡಿದವು. ಕ್ರಿ.ಪೂ. 2450ರ ಸುಮಾರಿಗೆ ಲಗಾಶದ ಎಯನ್ನಾತುಮ್ ಗೆದ್ದು ಕೆತ್ತಿಸಿದ ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಸತ್ತ ಶತ್ರುಗಳ ತಲೆಗಳನ್ನು ರಣಹದ್ದುಗಳು ಕಚ್ಚಿಕೊಂಡು ಹಾರುವ ಚಿತ್ರ ಅದರ ಮೇಲಿದೆ.

ಸಿಂಧೂ ನದಿ ತುಂಬುವುದು ಹಿಮವೂ ಮುಂಗಾರೂ ಒಟ್ಟಿಗೆ ಸೇರುವ ಜುಲೈ-ಆಗಸ್ಟಿನಲ್ಲಿ. ನೆರೆ ಇಳಿದ ಮೇಲೆ ಹಸಿಯಾದ ಮೆಕ್ಕಲು ಮಣ್ಣಿನಲ್ಲಿ ಗೋಧಿ, ಬಾರ್ಲಿ ಬಿತ್ತಿದರೆ ಹಿಂಗಾರು ಬೆಳೆಯಂತೆ ನೆಲದ ತೇವದಲ್ಲೇ ಬಹುಪಾಲು ಬರುತ್ತದೆ. ದೊಡ್ಡ ಕಾಲುವೆ ಜಾಲದ ಅನಿವಾರ್ಯತೆ ಅಷ್ಟಿಲ್ಲ. ಆದರೆ ಸಿಂಧೂ ಆಗಾಗ ಪಾತ್ರ ಬದಲಿಸುವ ನದಿ. ಮೊಹೆಂಜೊದಾರೊವನ್ನು ಎತ್ತರದ ಜಗತಿಗಳ ಮೇಲೆ ಕಟ್ಟಿದ್ದಕ್ಕೆ ಇದೂ ಒಂದು ಕಾರಣವಾಗಿ ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ‘ಕಾಲುವೆ ಬೇಕಾದದ್ದರಿಂದ ರಾಜ ಬಂದ, ಕಾಲುವೆ ಬೇಡವಾದ್ದರಿಂದ ರಾಜ ಬರಲಿಲ್ಲ’ ಎಂದು ಒಂದೇ ನೆಗೆತದಲ್ಲಿ ಹಾರಬೇಡಿ. ಕೇಳಲು ಚೆಂದ, ಆದರೆ ಸುಮೇರಿನ ಹಳೆಯ ಕಾಲುವೆಗಳನ್ನು ಊರವರೇ ಸೇರಿ ನೋಡಿಕೊಂಡಿರಲೂ ಸಾಧ್ಯ. ಅತ್ತ ಗುಜರಾತಿನ ಧೋಲಾವೀರಾದಂಥ ಒಣ ಪ್ರದೇಶದಲ್ಲಿ ಸಿಂಧೂ ಜನ ಎರಡು ಹಳ್ಳಗಳಿಗೆ ಅಡ್ಡಕಟ್ಟೆ ಹಾಕಿ, ನಗರದ ಸುತ್ತ ಕಲ್ಲಿನ ದೊಡ್ಡ ದೊಡ್ಡ ಜಲಾಶಯ ಕಟ್ಟಿ ನೀರು ಹಿಡಿದಿಟ್ಟರು. ನದಿಯೇ ಎಲ್ಲವನ್ನೂ ಬರೆಯುವುದಿಲ್ಲ.

ಹಂತ 4: ಇಡೀ ನಾಗರಿಕತೆ ಬಿಡಿ, ನಾಲ್ಕು ವಸ್ತು ಹಿಡಿಯಿರಿ

‘ಕಲೆ’, ‘ಧರ್ಮ’, ‘ಆಡಳಿತ’, ‘ಆರ್ಥಿಕತೆ’ ಎಂಬ ದೊಡ್ಡ ತಲೆಬರಹಗಳಡಿ ಹೋಲಿಸಲು ಹೊರಟರೆ ಮಾತು ತೆಳ್ಳಗಾಗುತ್ತದೆ. ಎರಡೂ ಕಡೆ ಇದ್ದ ಒಂದು ಸಾಧಾರಣ ವಸ್ತುವನ್ನು ಎತ್ತಿಕೊಳ್ಳಿ. ನಾನು ತರಗತಿಯಲ್ಲಿ ಬಳಸುವುದು ನಾಲ್ಕು: ತೂಕದ ಕಲ್ಲು, ಮುದ್ರೆ, ಚರಂಡಿ, ಗೋರಿ.

ತೂಕದ ಕಲ್ಲು ನನಗೆ ಅಚ್ಚುಮೆಚ್ಚು. ಸಿಂಧೂ ತೂಕಗಳು ಗಟ್ಟಿ ಚರ್ಟ್ ಕಲ್ಲಿನ ಪುಟ್ಟ ಘನಾಕೃತಿಗಳು, ಮೇಲೆ ಗುರುತಿಲ್ಲ, ಬರಹವಿಲ್ಲ. ಅತಿ ಚಿಕ್ಕದು ಒಂದು ಗ್ರಾಮಿಗಿಂತ ಕಡಿಮೆ. ಅಲ್ಲಿಂದ 1, 2, 4, 8, 16, 32, 64 ಎಂದು ಇಮ್ಮಡಿಯಾಗುತ್ತ ಹೋಗಿ, ಮೇಲಿನ ತೂಕಗಳಿಗೆ ದಶಮಾನಕ್ಕೆ ತಿರುಗುತ್ತದೆ. ಹೆಚ್ಚಾಗಿ ಸಿಗುವುದು 16ರ ತೂಕ, ಸುಮಾರು 13.7 ಗ್ರಾಂ. ಹದಿನಾರಾಣೆಗೆ ಒಂದು ರೂಪಾಯಿ ಎಣಿಸಿದ, ಹದಿನಾರರ ಒಂದು ಪಾಲಿಗೆ ‘ವೀಸ’ ಎಂದು ಹೆಸರಿಟ್ಟ ನಮಗೆ ಈ ಲೆಕ್ಕ ಪರಕೀಯ ಅನ್ನಿಸುವುದಿಲ್ಲ. ಹಾಗೆಂದು ಅದರಿಂದಲೇ ಇದು ಬಂತೆಂದು ಬರೆದುಬಿಡಬೇಡಿ. ಅರ್ಧ, ಅರ್ಧದಲ್ಲಿ ಅರ್ಧ ಮಾಡುವುದು ತಕ್ಕಡಿ ಹಿಡಿದ ಎಲ್ಲರಿಗೂ ಹೊಳೆಯುವ ದಾರಿ.

ಮೆಸೊಪೊಟೇಮಿಯಾದಲ್ಲಿ ಲೆಕ್ಕ 60ರದು. 60 ಶೆಕೆಲ್‌ಗೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕಿಲೋ. 60 ಮಿನಾಕ್ಕೆ ಒಂದು ಟ್ಯಾಲೆಂಟ್. ಗಂಟೆಗೆ 60 ನಿಮಿಷ ಎಂದು ನಾವು ಇವತ್ತಿಗೂ ಎಣಿಸುವುದು ಆ 60ರ ಲೆಕ್ಕದಿಂದಲೇ. ಅವರ ತೂಕದ ಕಲ್ಲುಗಳಲ್ಲಿ ತಲೆಯನ್ನು ಬೆನ್ನ ಮೇಲೆ ಮಡಚಿ ಮಲಗಿದ ಬಾತುಕೋಳಿಯ ಆಕಾರದವೂ ಇವೆ. ಕೆಲವದರ ಮೇಲೆ ರಾಜನ ಹೆಸರು. ಊರ್-ನಮ್ಮು ಕಾನೂನಿನ ಪೀಠಿಕೆಯಲ್ಲಿ ರಾಜ ತಾನು ಮಾಡಿದ ಒಳ್ಳೆಯ ಕೆಲಸಗಳನ್ನು ಹೇಳಿಕೊಳ್ಳುವಾಗ ತೂಕ-ಅಳತೆಗಳನ್ನು ಸರಿಪಡಿಸಿದ್ದೂ ಸೇರಿದೆ. ಅಂದರೆ ಅದಕ್ಕೆ ಮುಂಚೆ ಅವು ಸರಿಯಿರಲಿಲ್ಲ.

ಈಗ ಹೋಲಿಕೆಯ ತಿರುಳು ಸಿಕ್ಕಿತು ನೋಡಿ. ಅಲ್ಲಿ ರಾಜನೊಬ್ಬ ನಾನು ಸರಿಮಾಡಿದೆ ಎಂದು ಸಾರಬೇಕಾಯಿತು. ಇಲ್ಲಿ ಹರಪ್ಪದಿಂದ ಸುಮಾರು 600 ಕಿ.ಮೀ. ದೂರದ ಮೊಹೆಂಜೊದಾರೊವರೆಗೆ, ಅಲ್ಲಿಂದ ಗುಜರಾತಿನ ಲೋಥಲ್‌ವರೆಗೆ, ಶತಮಾನಗಳ ಕಾಲ ಒಂದೇ ತೂಕ ನಡೆಯಿತು. ಅದನ್ನು ನಡೆಸಿದ್ದು ಯಾರೆಂದು ಸಾರುವ ಒಂದು ಕಲ್ಲೂ ಇಲ್ಲ. ವರ್ತಕರ ಕೂಟವೋ, ತೆರಿಗೆ ಎತ್ತುವವರೋ, ಬರಿಯ ರೂಢಿಯೋ? ನಿಮ್ಮ ಉತ್ತರ ಈ ಪ್ರಶ್ನೆಯನ್ನು ಎತ್ತಿದರೆ ಸಾಕು, ಮೌಲ್ಯಮಾಪಕರ ಪೆನ್ನು ಒಂದು ಕ್ಷಣ ನಿಲ್ಲುತ್ತದೆ.

ಮುದ್ರೆಯ ಮಾತು ಚಿಕ್ಕದು. ಅಲ್ಲಿಯದು ಹಸಿ ಮಣ್ಣಿನ ಮೇಲೆ ಲಟ್ಟಣಿಗೆಯಂತೆ ಉರುಳಿಸುವ ಉರುಳೆ, ಇಲ್ಲಿಯದು ಒತ್ತುವ ಚೌಕ. ಅಲ್ಲಿ ದೇವರು, ಔತಣ, ಕಾದಾಟದ ದೃಶ್ಯಗಳು, ಜೊತೆಗೆ ಒಡೆಯನ ಹೆಸರು, ಹುದ್ದೆ. ಇಲ್ಲಿ ಒಂಟಿ ಪ್ರಾಣಿ, ಹೆಚ್ಚಾಗಿ ಒಂಟಿಕೊಂಬಿನದು, ಅದರ ಮೇಲೆ ಒಂದು ಸಾಲು ಚಿಹ್ನೆ. ಎರಡರ ಬಳಕೆ ಮಾತ್ರ ಹತ್ತಿರ ಹತ್ತಿರ. ಸರಕಿನ ಕಟ್ಟಿನ ಮೇಲೆ ಮಣ್ಣು ಮೆತ್ತಿ ಮುದ್ರೆ ಒತ್ತುವುದು. ಲೋಥಲ್‌ನ ಉಗ್ರಾಣದಲ್ಲಿ ಸಿಕ್ಕ ಅಂಥ ಮಣ್ಣಿನ ತುಂಡುಗಳ ಹಿಂಬದಿಯಲ್ಲಿ ಹಗ್ಗದ, ಬಟ್ಟೆಯ ಅಚ್ಚು ಇಂದಿಗೂ ಕಾಣುತ್ತದೆ.

ಚರಂಡಿಯ ವಿಷಯಕ್ಕೆ ಬಂದರೆ ನಮ್ಮವರು ಎದೆಯುಬ್ಬಿಸಿ ‘ಜಗತ್ತಿಗೇ ಮೊದಲು’ ಎಂದು ಬರೆಯುತ್ತಾರೆ. ಸ್ವಲ್ಪ ತಡೆಯಿರಿ. ಮೆಸೊಪೊಟೇಮಿಯಾದ ಪಟ್ಟಣಗಳಲ್ಲೂ ಶೌಚಾಲಯಗಳಿದ್ದವು, ಸುಟ್ಟಮಣ್ಣಿನ ಕೊಳವೆ ಬಳೆಗಳನ್ನು ಒಂದರ ಮೇಲೊಂದು ಇಟ್ಟು ನೆಲದಾಳಕ್ಕೆ ಇಳಿಸಿದ ಇಂಗುಗುಂಡಿಗಳಿದ್ದವು. ಮೊಹೆಂಜೊದಾರೊದ ವೈಶಿಷ್ಟ್ಯ ಮನೆಯ ಬಚ್ಚಲು ನೀರು ಬೀದಿಯ ಮುಚ್ಚಿದ ಚರಂಡಿಗೆ ಸೇರುವುದರಲ್ಲಿದೆ. ಒಬ್ಬರು ಕೊಳೆ ನೀರನ್ನು ತಮ್ಮ ಕಾಲಡಿಯಲ್ಲೇ ಇಂಗಿಸಿದರು, ಇನ್ನೊಬ್ಬರು ಬೀದಿಯವರೆಲ್ಲ ಸೇರಿ ಸಾಗಿಸಿದರು. ಬೀದಿ ಚರಂಡಿ ಅಂದಮೇಲೆ ಅದನ್ನು ಆಗಾಗ ಬಳಿಯುವವರು ಬೇಕು, ಇಳಿಜಾರು ತಪ್ಪದಂತೆ ಮನೆ ಕಟ್ಟುವವರು ಬೇಕು, ಒಬ್ಬ ಅಡ್ಡಗೋಡೆ ಹಾಕಿದರೆ ತೆಗೆಸುವವರು ಬೇಕು. ಬೆಂಗಳೂರಿನ ಯಾವುದೇ ಬಡಾವಣೆಯ ಮಳೆಗಾಲ ಕಂಡವರಿಗೆ ಇದು ಎಷ್ಟು ಕಷ್ಟದ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಮೊಹೆಂಜೊದಾರೊದಲ್ಲಿ 700ರಷ್ಟು ಬಾವಿಗಳಿದ್ದಿರಬೇಕೆಂಬ ಅಂದಾಜಿದೆ. ಕಿರಿದಾದ ಬುಡ, ಅಗಲವಾದ ತಲೆಯ ಬೆಣೆಯಾಕಾರದ ಇಟ್ಟಿಗೆಗಳನ್ನು ದುಂಡಗೆ ಜೋಡಿಸಿ ಕಟ್ಟಿದ ಬಾವಿಗಳವು. ನೆಲ ಅಗೆದು ತೆಗೆದ ಮೇಲೆ ಇಂದು ಗೋಪುರಗಳಂತೆ ನಿಂತಿವೆ.

ಗೋರಿಯನ್ನು ಕೊನೆಯ ಹಂತದ ಮಾದರಿಗೆಂದು ಇಟ್ಟುಕೊಂಡಿದ್ದೇನೆ.

ಹಂತ 5: ‘ಇರಲಿಲ್ಲ’ ಎಂದು ಬರೆಯುವ ಮುಂಚೆ ಮೂರು ಸಲ ಯೋಚಿಸಿ

‘ಸಿಂಧೂ ನಾಗರಿಕತೆಯಲ್ಲಿ ಅರಮನೆ ಇರಲಿಲ್ಲ, ದೇವಾಲಯ ಇರಲಿಲ್ಲ, ಸೈನ್ಯ ಇರಲಿಲ್ಲ.’ ಈ ವಾಕ್ಯದಲ್ಲಿ ಪ್ರತಿ ‘ಇರಲಿಲ್ಲ’ವನ್ನೂ ಹೊಡೆದುಹಾಕಿ ‘ಖಚಿತವಾಗಿ ಗುರುತಿಸಲಾಗಿಲ್ಲ’ ಎಂದು ಬರೆಯಿರಿ. ದೊಡ್ಡ ಕಟ್ಟಡಗಳು ಇವೆ. ಅವು ಏನೆಂದು ಹೇಳುವ ಫಲಕವಿಲ್ಲ ಅಷ್ಟೆ. ಮೊಹೆಂಜೊದಾರೊದ ಎತ್ತರದ ದಿಬ್ಬದ ಮೇಲೆ ನಂತರದ ಕಾಲದ ಬೌದ್ಧ ಸ್ತೂಪ ಕೂತಿದೆ, ಅದರಡಿ ಪೂರ್ತಿ ಅಗೆಯಲು ಆಗಿಲ್ಲ. ನಗರದ ಹೆಚ್ಚಿನ ಪಾಲು ಇನ್ನೂ ಮಣ್ಣಿನಡಿಯೇ ಇದೆ.

ಇದರ ತದ್ವಿರುದ್ಧ ಕಾಯಿಲೆಯೂ ಇದೆ. ಉತ್ಖನನ ಮಾಡಿದವರು ಇಟ್ಟ ಹೆಸರನ್ನೇ ಪುರಾವೆಯೆಂದು ನಂಬುವುದು. ‘ಮಹಾ ಧಾನ್ಯಾಗಾರ’ದಲ್ಲಿ ಧಾನ್ಯದ ಕುರುಹು ಸಿಕ್ಕಿಲ್ಲ. 17.5 ಸೆಂ.ಮೀ. ಎತ್ತರದ ಗಡ್ಡದ ಶಿಲಾಮೂರ್ತಿಗೆ ‘ಪುರೋಹಿತ ರಾಜ’ ಎಂದು ಹೆಸರಿಟ್ಟದ್ದು ಮೆಸೊಪೊಟೇಮಿಯಾದ ಪುರೋಹಿತ ರಾಜರ ಕಲ್ಪನೆ ತಲೆಯಲ್ಲಿದ್ದವರು. ಕಂಚಿನ ‘ನರ್ತಕಿ’ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆಯೇ ಹೊರತು ಕುಣಿಯುತ್ತಿಲ್ಲ. ಆ ಪುಟ್ಟ ಹುಡುಗಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾಳೆ, ಹೋದರೆ ನೋಡಿ ಬನ್ನಿ, ನಿಮಗೇ ಅನ್ನಿಸುತ್ತದೆ.

ಮಾರ್ಟಿಮರ್ ವೀಲರ್ ಅವರದು ಇಲ್ಲಿ ಹೇಳಲೇಬೇಕಾದ ಪಾಠ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿ 1946ರಲ್ಲಿ ಹರಪ್ಪದಲ್ಲೂ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಉತ್ಖನನ ನಡೆಸಿದವರು. ಬ್ರಹ್ಮಗಿರಿಯ ಪದರಗಳನ್ನು ಬಿಡಿಸಿ ಓದಿದ ಶಿಸ್ತು ದಕ್ಷಿಣ ಭಾರತದ ಪುರಾತತ್ವಕ್ಕೆ ದೊಡ್ಡ ಕೊಡುಗೆ. ಆದರೆ ಅದೇ ವೀಲರ್, ಮೊಹೆಂಜೊದಾರೊದಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳನ್ನು ನೆಚ್ಚಿ, ಆಕ್ರಮಣಕಾರರು ನಡೆಸಿದ ಹತ್ಯಾಕಾಂಡದಿಂದ ನಗರ ಅಳಿಯಿತು ಎಂದರು, ಆರ್ಯರ ದೇವರಾದ ಇಂದ್ರನನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದರು. 1964ರಲ್ಲಿ ಜಾರ್ಜ್ ಡೇಲ್ಸ್ ಆ ಎಲುಬುಗಳ ಜಾಗ, ಪದರಗಳನ್ನು ಮತ್ತೆ ಪರಿಶೀಲಿಸಿ ಹತ್ಯಾಕಾಂಡದ ಕತೆಗೆ ಆಧಾರವಿಲ್ಲವೆಂದು ತೋರಿಸಿದರು. ನಮ್ಮಲ್ಲಿ ಕೆಲವು ಗೈಡುಗಳು ಆ ಕತೆಯನ್ನು ಇನ್ನೂ ಅಚ್ಚು ಹಾಕುತ್ತಲೇ ಇವೆ.

ಹಂತ 6: ಇಬ್ಬರೂ ಎದುರಾದ ಜಾಗ ಹುಡುಕಿ

ಉತ್ತರ ಪತ್ರಿಕೆಗಳಲ್ಲಿ ಈ ಭಾಗ ಹೆಚ್ಚಾಗಿ ಒಂದು ಸಾಲು: ‘ಇಬ್ಬರ ನಡುವೆ ವ್ಯಾಪಾರ ಸಂಬಂಧವಿತ್ತು.’ ಇಲ್ಲಿ ನಿಧಾನಿಸಿ.

ಹೋಲಿಕೆ ಶುರುವಾದದ್ದೇ ಶೋಧದ ಜೊತೆಗೆ. 1921ರಲ್ಲಿ ದಯಾರಾಮ್ ಸಾಹನಿ ಹರಪ್ಪದಲ್ಲೂ, ಅದರ ಬೆನ್ನಿಗೆ ಆರ್.ಡಿ. ಬ್ಯಾನರ್ಜಿ ಮೊಹೆಂಜೊದಾರೊದಲ್ಲೂ ಅಗೆತ ಆರಂಭಿಸಿದ್ದರು. ಆಗ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ ಅದನ್ನು ಜಗತ್ತಿಗೆ ತಿಳಿಸಿದ್ದು 1924ರ ಸೆಪ್ಟೆಂಬರ್ 20ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಾರಪತ್ರಿಕೆಯಲ್ಲಿ. ಇವು ಎಷ್ಟು ಹಳೆಯವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವಾರವೇ ಎ.ಎಚ್. ಸೇಸ್ ಎಂಬ ವಿದ್ವಾಂಸರು, ಇಂಥ ಮುದ್ರೆಗಳು ಇರಾನಿನ ಸೂಸಾದಲ್ಲಿ ಕ್ರಿ.ಪೂ. ಮೂರನೇ ಸಹಸ್ರಮಾನದ ಪದರದಲ್ಲಿ ಸಿಕ್ಕಿವೆಯಲ್ಲ ಎಂದು ಪತ್ರಿಕೆಗೆ ಬರೆದರು. ಇರಾಕಿನ ಕಿಶ್‌ನಲ್ಲಿ ಅಗೆಯುತ್ತಿದ್ದ ಅರ್ನೆಸ್ಟ್ ಮೆಕೇ ಅವರಿಗೂ ಒಂದು ಸಿಂಧೂ ಮುದ್ರೆ ಸಿಕ್ಕಿತ್ತು. ಮುಂದೆ ಅವರೇ ಬಂದು ಮೊಹೆಂಜೊದಾರೊ ಅಗೆದರು. ಇಂಗಾಲದ ಕಾಲನಿರ್ಣಯ ಇನ್ನೂ ಇಲ್ಲದ ಆ ಕಾಲದಲ್ಲಿ ನಮ್ಮ ನಗರಗಳ ವಯಸ್ಸು ತಿಳಿದದ್ದು ನೆರೆಯವರ ಜಾತಕ ನೋಡಿ.

ಇನ್ನು ಬರಹದ ಸಾಕ್ಷಿ. ಮೆಲುಹ್ಹಾ, ಮಗನ್, ದಿಲ್ಮುನ್ ನಾಡುಗಳ ಹಡಗುಗಳು ಅಕ್ಕಾಡಿನ ಕಟ್ಟೆಗೆ ಬಂದು ನಿಲ್ಲುವಂತೆ ಮಾಡಿದೆನೆಂದು ಸಾರ್ಗೋನ್ ಕೊಚ್ಚಿಕೊಳ್ಳುತ್ತಾನೆ. ದಿಲ್ಮುನ್ ಇಂದಿನ ಬಹ್ರೇನ್ ಸುತ್ತಮುತ್ತಲು, ಮಗನ್ ಒಮಾನ್ ಕಡೆ. ಮೆಲುಹ್ಹಾ ಎಂದರೆ ಸಿಂಧೂ ಪ್ರದೇಶವೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಗುಡಿಯನ ಬರಹಗಳಲ್ಲಿ ಮೆಲುಹ್ಹಾದ ಮರ, ಚಿನ್ನ, ಕೆಂಪು ಕಾರ್ನೀಲಿಯನ್ ಕಲ್ಲು ಬರುತ್ತವೆ. ಊರ್‌ನ ಮೂರನೇ ರಾಜವಂಶದ ಕಾಲಕ್ಕೆ ಲಗಾಶದ ಸೀಮೆಯಲ್ಲಿ ‘ಮೆಲುಹ್ಹಾ ಹಳ್ಳಿ’ ಎಂಬ ಊರೇ ಇತ್ತು.

ನನಗೆ ಎಲ್ಲಕ್ಕಿಂತ ಹತ್ತಿರದವನು ಶು-ಇಲಿಶು. ಅಕ್ಕಾಡ್ ಕಾಲದವನು. ಅವನ ಉರುಳೆ ಮುದ್ರೆ ಲೂವ್ರ್‌ನಲ್ಲಿದೆ. ಅದರ ಮೇಲೆ ಅವನ ಹುದ್ದೆ ಬರೆದಿದೆ: ಮೆಲುಹ್ಹಾ ಭಾಷೆಯ ದುಭಾಷಿ. ಅಂದರೆ ಸಿಂಧೂ ಜನರ ಮಾತು ಬಲ್ಲವನೊಬ್ಬ, ಅದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡಿದ್ದವನು, ಹೆಸರು ಸಮೇತ ನಮಗೆ ಗೊತ್ತು. ಆದರೆ ಆ ಮಾತಿನ ಒಂದು ವಾಕ್ಯವನ್ನೂ ಅವನು ನಮಗೆ ಬಿಟ್ಟುಹೋಗಿಲ್ಲ. ಯಾವತ್ತಾದರೂ ಇರಾಕಿನ ನೆಲದಲ್ಲಿ ಎರಡೂ ಲಿಪಿಯ ಫಲಕವೊಂದು ಸಿಕ್ಕರೆ ಇವನಂಥವನದೇ ಕೈ ಅದರ ಹಿಂದೆ ಇರಬೇಕು.

ನೆಲದ ಸಾಕ್ಷಿಯೂ ಇದೆ. ಊರ್‌ನ ರಾಜಗೋರಿಗಳಲ್ಲಿ ಸಿಂಧೂ ಕುಶಲಕರ್ಮಿಗಳ ಉದ್ದನೆಯ ಕಾರ್ನೀಲಿಯನ್ ಮಣಿಗಳು, ಬಿಳಿ ಚಿತ್ತಾರ ಬಿಡಿಸಿದ ಮಣಿಗಳು ಸಿಕ್ಕಿವೆ. ಅಂಥ ಒಂದು ಉದ್ದ ಮಣಿಗೆ ತೂತು ಕೊರೆಯಲು ದಿನಗಟ್ಟಲೆ ಬೇಕು. ಬಹ್ರೇನ್‌ನಲ್ಲಿ ಸಿಂಧೂ ತೂಕದ ಕಲ್ಲುಗಳು ಸಿಕ್ಕಿವೆ. ಇತ್ತ ಲೋಥಲ್‌ನಲ್ಲಿ ಪರ್ಷಿಯನ್ ಕೊಲ್ಲಿ ಮಾದರಿಯ ದುಂಡು ಮುದ್ರೆಯೊಂದು ಸಿಕ್ಕಿತು. ಲೋಥಲ್ ಅಗೆದವರು ಶಿವಮೊಗ್ಗ ಜಿಲ್ಲೆಯ ಆನಂದಪುರದವರಾದ ಎಸ್.ಆರ್. ರಾವ್. ಅಲ್ಲಿನ 200 ಮೀಟರಿಗೂ ಉದ್ದದ ಇಟ್ಟಿಗೆಯ ಕೊಳವನ್ನು ಅವರು ಹಡಗುಕಟ್ಟೆ ಎಂದರು, ಅದು ನೀರಿನ ಕೆರೆ ಎನ್ನುವವರೂ ಇದ್ದಾರೆ. ಉತ್ತರದಲ್ಲಿ ಎರಡನ್ನೂ ಹೇಳಿ.

ಇಲ್ಲೊಂದು ತೊಡಕು ಉಳಿಯುತ್ತದೆ. ಇಲ್ಲಿಂದ ಅಲ್ಲಿಗೆ ಹೋದದ್ದು ಕಾಣುತ್ತದೆ, ಅಲ್ಲಿಂದ ಇಲ್ಲಿಗೆ ಬಂದದ್ದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಉಣ್ಣೆ ಬಟ್ಟೆಯಂಥ ಕೊಳೆತುಹೋಗುವ ಸರಕು ಬಂದಿರಬಹುದೆಂಬ ಊಹೆ ಇದೆ. ವ್ಯಾಪಾರ ಎಂದರೆ ಎರಡು ಕೈ ಸೇರಬೇಕು, ಒಂದು ಕೈ ಮಾತ್ರ ಕಾಣುತ್ತಿದೆ ಎಂದು ಬರೆಯಲು ಹಿಂಜರಿಯಬೇಡಿ.

ಹಂತ 7: ಅಳಿವನ್ನು ಒಂದೇ ಪದದಲ್ಲಿ ಮುಗಿಸಬೇಡಿ

‘ಎರಡೂ ಅವನತಿ ಹೊಂದಿದವು’ ಎಂಬುದು ಅರ್ಧ ಸರಿ. ಕ್ರಿ.ಪೂ. 2200ರ ಸುಮಾರಿನ ದೀರ್ಘ ಬರ ಅಕ್ಕಾಡನ್ನು ಅಲುಗಿಸಿತೆನ್ನುತ್ತಾರೆ. ಮುಂಗಾರು ದುರ್ಬಲವಾದದ್ದು ಸಿಂಧೂ ನಗರಗಳನ್ನು ಮೆಲ್ಲಗೆ ಕರಗಿಸಿತೆನ್ನುತ್ತಾರೆ. ಬರ ಇಬ್ಬರಿಗೂ ತಟ್ಟಿರಬಹುದು, ಆಮೇಲೆ ನಡೆದದ್ದು ಬೇರೆ ಬೇರೆ. ಊರ್ ಬಿತ್ತು, ಅದಕ್ಕೊಂದು ಶೋಕಗೀತೆ ಬರೆದರು. ಬೇರೆ ನಗರ ಎದ್ದಿತು. ಬೆಣೆಲಿಪಿ ಕ್ರಿ.ಶ. 1ನೇ ಶತಮಾನದವರೆಗೂ ಬಳಕೆಯಲ್ಲಿತ್ತು. ಇಲ್ಲಿ ನಗರದ ಜೊತೆಗೆ ಮುದ್ರೆ, ತೂಕ, ಲಿಪಿ ಮೂರೂ ಹೋದವು. ಜನ ಹೋಗಲಿಲ್ಲ. ಪೂರ್ವದ ಗಂಗಾ-ಯಮುನಾ ಬಯಲಿಗೆ, ದಕ್ಷಿಣದ ಗುಜರಾತಿಗೆ ಸರಿದು ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡು ಉಳಿದರು.

ಹಂತ 8: ಈಗ ಬರೆಯಿರಿ, ಗೆರೆ ಎಳೆಯದೆ

ಗೋರಿಯ ಉದಾಹರಣೆ ಈಗ ತೆಗೆಯೋಣ. ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: ‘ಮೆಸೊಪೊಟೇಮಿಯಾದಲ್ಲಿ ರಾಜರ ಗೋರಿಗಳಿದ್ದವು. ಸಿಂಧೂ ನಾಗರಿಕತೆಯಲ್ಲಿ ರಾಜರ ಗೋರಿಗಳು ಇರಲಿಲ್ಲ. ಆದ್ದರಿಂದ ಸಿಂಧೂ ಸಮಾಜದಲ್ಲಿ ಸಮಾನತೆ ಇತ್ತು.’

ಮೇಲಿನ ಹಂತಗಳನ್ನು ದಾಟಿ ಬಂದ ಉತ್ತರ ಹೀಗಾದೀತು:

‘ಕ್ರಿ.ಪೂ. 2500ರ ಆಸುಪಾಸಿನಲ್ಲಿ ಊರ್‌ನ ಸಿರಿವಂತಿಕೆ ನೆಲದೊಳಗೆ ಹೋಗುತ್ತಿತ್ತು. ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಅಗೆದ 16 ರಾಜಗೋರಿಗಳಲ್ಲಿ ಒಂದರಲ್ಲಿ 74 ಮಂದಿ ಪರಿಚಾರಕರ ದೇಹಗಳಿದ್ದವು. ಪುಆಬಿ ಎಂಬಾಕೆಯ ಹೆಸರನ್ನು ಆಕೆಯ ಮುದ್ರೆಯೇ ಹೇಳುತ್ತದೆ. ಹರಪ್ಪದ ಸ್ಮಶಾನದಲ್ಲಿ ಸತ್ತವರ ಜೊತೆ ಸಿಗುವುದು ಮಡಕೆಗಳು, ಕೆಲವರ ಕೈಯಲ್ಲಿ ಶಂಖದ ಬಳೆ, ಒಂದಿಷ್ಟು ಮಣಿ, ಅಪರೂಪಕ್ಕೆ ತಾಮ್ರದ ಕನ್ನಡಿ. ಸಿಂಧೂ ನಗರಗಳಲ್ಲಿ ಚಿನ್ನವಿತ್ತು, ಮನೆಗಳಡಿ ಹೂತಿಟ್ಟ ಒಡವೆಗಳು ಸಿಕ್ಕಿವೆ. ಆದ್ದರಿಂದ ಇಲ್ಲಿ ಸಿರಿವಂತರಿರಲಿಲ್ಲ ಎನ್ನಲಾಗದು. ಅವರು ಸಿರಿಯನ್ನು ಸತ್ತವರಿಗೆ ಕೊಟ್ಟು ಕಳಿಸುತ್ತಿರಲಿಲ್ಲ ಎನ್ನಬಹುದು. ಸಿಂಧೂ ಕಮ್ಮಟದಲ್ಲಿ ಕೊರೆದ ಕೆಂಪು ಮಣಿ ಊರ್‌ನ ಗೋರಿಯಲ್ಲಿ ಸಿಗುತ್ತದೆ, ಅದನ್ನು ಮಾಡಿದವರ ಗೋರಿಯಲ್ಲಿ ಹೆಚ್ಚಾಗಿ ಸಿಗುವುದಿಲ್ಲ.’

ವ್ಯತ್ಯಾಸ ಗಮನಿಸಿ. ಕಾಲ ಒಂದೇ, ವಸ್ತು ಒಂದೇ, ಎರಡೂ ಕಡೆ ಒಂದೇ ವಾಕ್ಯವೃಂದದಲ್ಲಿ ಬಂದಿವೆ, ‘ಇರಲಿಲ್ಲ’ಕ್ಕೆ ಕಡಿವಾಣವಿದೆ, ಕೊನೆಗೆ ಎರಡನ್ನೂ ಒಂದು ಮಣಿ ಪೋಣಿಸಿದೆ. ಹತ್ತು ಅಂಕದ ಪ್ರಶ್ನೆಗೆ ಇಂಥ ಮೂರು ವಾಕ್ಯವೃಂದ ಧಾರಾಳವಾಯಿತು. ಯಾವುದು ಶ್ರೇಷ್ಠ ಎಂಬ ತೀರ್ಪನ್ನು ಪ್ರಶ್ನೆ ಕೇಳಿರುವುದಿಲ್ಲ, ನೀವೂ ಕೊಡಬೇಡಿ. ಬರೆದು ಮುಗಿಸಿದ ಮೇಲೆ ಪೆನ್ಸಿಲ್ ತೆಗೆದುಕೊಂಡು ಎಲ್ಲೆಲ್ಲಿ ‘ಇರಲಿಲ್ಲ’ ಎಂದಿದೆಯೋ ಅಲ್ಲೆಲ್ಲ ಒಂದು ಸುತ್ತು ಹಾಕಿ, ಒಂದೊಂದನ್ನೂ ಮತ್ತೆ ಓದಿ. ಸಮಯ ಉಳಿದರೆ ಅಭ್ಯಾಸಕ್ಕೆ ನೀರೆಮ್ಮೆಯನ್ನು ಹಿಡಿಯಿರಿ: ಅಕ್ಕಾಡಿನ ರಾಜ ಶರ್-ಕಲಿ-ಶರ್ರಿಯ ಗುಮಾಸ್ತ ಇಬ್ನಿ-ಶರ್ರುಮ್‌ನ ಮುದ್ರೆಯ ಮೇಲೆ ಎರಡು ಕೋಣಗಳು ನೀರು ಕುಡಿಯುತ್ತಿವೆ. ಆ ಪ್ರಾಣಿ ಅಲ್ಲಿಗೆ ಎಲ್ಲಿಂದ ಬಂದಿರಬಹುದೆಂದು ಒಂದು ಪುಟ ಬರೆದು ನೋಡಿ.